ಬಟ್ಟೆಯ ಚೂರು

ನನ್ನ ಕುತ್ತಿಗೆಯ ಬುಡದಲ್ಲಿ ಮೂರಂಗುಲ ಉದ್ದದ ಒಂದು ಗೆರೆಯಿದೆ. ಸರ ಹಾಕಿಕೊಂಡರೆ ಅದು ಕಾಣುವುದಿಲ್ಲ. ಆದರೆ ದನಿಯನ್ನು ಮುಚ್ಚುವ ಸರವನ್ನು ಯಾವ ಅಕ್ಕಸಾಲಿಯೂ ಇನ್ನೂ ಮಾಡಿಲ್ಲ. ಫೋನಿನಲ್ಲಿ ನನ್ನ 'ಹಲೋ' ಕೇಳಿದ ಹೊಸಬರು 'ಸಾರ್, ಮೇಡಂ ಇದ್ದಾರಾ?' ಎನ್ನುತ್ತಾರೆ. ಮೊದಮೊದಲು ಬೇಸರವಾಗುತ್ತಿತ್ತು. ಈಗ 'ಇದ್ದಾರೆ, ತಡೀರಿ' ಎಂದು ಒಂದು ನಿಮಿಷ ಸುಮ್ಮನಿದ್ದು, ಅದೇ ದನಿಯಲ್ಲಿ 'ಹೇಳಿ' ಎನ್ನುತ್ತೇನೆ.

ಈ ಗೆರೆ ಬಂದದ್ದು 2008ರ ಮೇ ತಿಂಗಳಲ್ಲಿ. ಗಂಟಲಿನ ಥೈರಾಯ್ಡಿನಲ್ಲಿ ನಿಂಬೆಕಾಯಿಯಷ್ಟು ಗಂಟು ಬೆಳೆದಿತ್ತು. ತೆಗೆಸಲೇಬೇಕು ಎಂದರು. ನಾವು ಮೇಷ್ಟರ ಜಾತಿಯವರು ಕಾಯಿಲೆ ಬೀಳುವುದಕ್ಕೂ ಬೇಸಿಗೆ ರಜೆಯನ್ನೇ ಹುಡುಕುತ್ತೇವಷ್ಟೆ. ಶಾಲೆ ಶುರುವಾಗುವುದರೊಳಗೆ ಎಲ್ಲ ಮುಗಿಸಿ, ಗಳಿಕೆ ರಜೆ ಒಂದೂ ಖರ್ಚಾಗದಂತೆ ಕುರ್ಚಿಯಲ್ಲಿ ಕೂತುಬಿಡುವುದು ನನ್ನ ಲೆಕ್ಕ. ಆಪರೇಶನ್ ಆಯಿತು, ಗಂಟೂ ಹೋಯಿತು, ಅದರ ಜೊತೆಗೆ ದನಿಯೂ ಹೋಯಿತು. ಎಚ್ಚರವಾಗಿ ನೀರು ಕೇಳಲು ಬಾಯಿ ತೆರೆದರೆ ಬರಿಯ ಗಾಳಿ ಬಂತು, ಪಂಕ್ಚರಾದ ಸೈಕಲ್ ಟ್ಯೂಬಿನ ಹಾಗೆ. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ದನಿಪೆಟ್ಟಿಗೆಗೆ ಹೋಗುವ ನರ ಆ ಗ್ರಂಥಿಯ ಬೆನ್ನಿಗೆ ಅಂಟಿಕೊಂಡೇ ಹಾದುಹೋಗುತ್ತದೆ. ಎಷ್ಟು ಜೋಪಾನ ಮಾಡಿದರೂ ಕೆಲವೊಮ್ಮೆ ಅದು ಮುನಿಸಿಕೊಳ್ಳುತ್ತದೆ. 'ಆರು ತಿಂಗಳು ಕಾಯಿರಿ. ಬಹಳ ಜನಕ್ಕೆ ಬರುತ್ತದೆ' ಎಂದರು. ಬಾರದವರ ವಿಷಯ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ದನಿಯೇ ಇರಲಿಲ್ಲವಲ್ಲ!

ದನಿಯಿಲ್ಲದ ಟೀಚರು ಎಂದರೆ ಎತ್ತಿಲ್ಲದ ಗಾಡಿ. ಆಗ ನಾನು ಭದ್ರಾವತಿಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಒಂದೊಂದು ತರಗತಿಯಲ್ಲೂ ಅರುವತ್ತು ಮಕ್ಕಳು. ಹೊರಗೆ ಲಾರಿಗಳ ಸದ್ದು, ಒಳಗೆ ಮಕ್ಕಳ ಸದ್ದು, ಇವೆರಡರ ಮೇಲೆ ನನ್ನ ಪಾಣಿಪತ್ ಕದನ! ಬಿ.ಎ., ಬಿ.ಎಡ್. ಎಂಬ ಎರಡು ಸರ್ಟಿಫಿಕೇಟುಗಳಿಗಿಂತ ಈ ಗಂಟಲೇ ನನಗೆ ಅನ್ನ ಹಾಕಿದ್ದು. ಜೂನ್ ಬಂತು, ಶಾಲೆ ತೆರೆಯಿತು. ನಾನು ವಿನೋಬನಗರದ ಮನೆಯಲ್ಲಿ ಕಿಟಕಿಯ ಬಳಿ ಕೂತು, ಮಗಳ ಹಳೆಯ ಸ್ಲೇಟಿನಲ್ಲಿ 'ಹಾಲು ಉಕ್ಕುತ್ತಿದೆ' ಎಂದು ಬರೆದು ನಮ್ಮವರಿಗೆ ತೋರಿಸುವ ಹೊತ್ತಿಗೆ ಹಾಲು ಉಕ್ಕಿ ಹೋಗಿರುತ್ತಿತ್ತು.

ಆ ದಿನಗಳಲ್ಲಿಯೇ ಪಕ್ಕದ ಮನೆಯ ಬಾಯಮ್ಮ ನನಗೆ ನಿಜವಾಗಿ ಪರಿಚಯವಾದದ್ದು. ಮಂಗಳೂರ ಕಡೆ ಕೊಂಕಣಿ ಕ್ರೈಸ್ತರ ಹಿರಿಯ ಹೆಂಗಸರನ್ನು ಬಾಯಮ್ಮ ಎನ್ನುವ ವಾಡಿಕೆ. ಅವರ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅವರ ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 1923ರಲ್ಲಿ ಶುರುವಾದ ಆ ಕಾರ್ಖಾನೆ ಎಲ್ಲೆಲ್ಲಿಯ ಜನರನ್ನೋ ಭದ್ರಾ ದಂಡೆಗೆ ಎಳೆದು ತಂದಿತ್ತು. ತಮಿಳರು, ಮಲಯಾಳಿಗಳು, ತೆಲುಗರು, ಮಂಗಳೂರಿನವರು ಎಲ್ಲ ಒಂದೇ ಸೈರನ್ನಿಗೆ ಏಳುತ್ತಿದ್ದರು, ಒಂದೇ ಸೈರನ್ನಿಗೆ ಉಣ್ಣುತ್ತಿದ್ದರು. ಯಜಮಾನರು ರಿಟೈರಾದ ಮೇಲೆ ಪೊಲೀಸ್ ಚೌಕಿಯ ಹಿಂದಿನ ನಮ್ಮ ಬೀದಿಯಲ್ಲಿ ಮನೆ ಕಟ್ಟಿಸಿದರು. ಅದರಲ್ಲಿ ನಾಲ್ಕು ವರ್ಷವೂ ಬಾಳದೆ ತೀರಿಕೊಂಡರು. ಅವರ ಕಾರ್ಖಾನೆಯ ಹಿತ್ತಾಳೆ ಬಿಲ್ಲೆ ಬಾಯಮ್ಮನ ದೇವರ ಪೀಠದಲ್ಲಿ, ಯೇಸುವಿನ ಪಟದ ಕೆಳಗೆ, ಮೇಣದ ಬತ್ತಿಯ ಪಕ್ಕ ಇರುತ್ತಿತ್ತು.

ಅದಕ್ಕೆ ಮೊದಲು ನಮ್ಮ ಸ್ನೇಹ ಕಾಂಪೌಂಡಿನಷ್ಟೇ ಎತ್ತರದ್ದು. ಕರಿಬೇವು ಆ ಕಡೆಯಿಂದ, ನುಗ್ಗೆಕಾಯಿ ಈ ಕಡೆಯಿಂದ. ನಾನು ಬೆಳಿಗ್ಗೆ ಬಸ್ಸಿಗೆ ಓಡುವವಳು, ಸಂಜೆ ಸುಸ್ತಾಗಿ ಬರುವವಳು. ಆದರೆ ನನ್ನ ಗಂಟಲು ಹೋದ ಸುದ್ದಿ ತಿಳಿದ ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಬಾಯಮ್ಮ ಸ್ಟೀಲ್ ಕ್ಯಾರಿಯರು ಹಿಡಿದು ಬಂದರು. ಒಳಗೆ ಬಿಸಿಬಿಸಿ ಪೇಜ್. ನಮ್ಮ ಕಡೆ ಗಂಜಿ ಎನ್ನುತ್ತೇವಲ್ಲ, ಅದೇ. ಕುಚಲಕ್ಕಿಯದು. 'ನುಂಗಲಿಕ್ಕೆ ಸುಲಭ ಟೀಚರೇ, ಉಪ್ಪು ಕಡಿಮೆ ಹಾಕಿದ್ದೇನೆ' ಎಂದರು. ನಾನು ಸ್ಲೇಟಿನಲ್ಲಿ 'ನಿಮಗ್ಯಾಕೆ ತೊಂದರೆ' ಎಂದು ಬರೆದೆ. ಅವರು ಕನ್ನಡಕ ಏರಿಸಿ ಓದಿ, ಸೆರಗಿನಿಂದ ಅದನ್ನು ಒರೆಸಿಹಾಕಿದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಗಂಜಿಯ ಜೊತೆಗೆ ಜಪಸರದ ಚೀಲದಿಂದ ಒಂದು ಪುಟ್ಟ ಚೀಟಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದರ ಮೇಲೆ ಕಂದು ಉಡುಪಿನ, ಮುಸುಕು ಹೊದ್ದ, ಇನ್ನೂ ಹುಡುಗಿಯಂತೆಯೇ ಕಾಣುವ ಒಬ್ಬ ಸಿಸ್ಟರಿನ ಚಿತ್ರ. ಕೆಳಗೆ ಪ್ಲಾಸ್ಟಿಕ್ ಹಾಳೆಯಡಿಯಲ್ಲಿ ಅಕ್ಕಿಕಾಳಿನಷ್ಟು ಅಗಲದ ಬಟ್ಟೆಯ ಚೂರು.

'ಇವಳು ನಮ್ಮ ಪುಟ್ಟ ಅರಬಿ. ಮಂಗಳೂರಿನಲ್ಲಿ ಇದ್ದವಳು. ಇವಳ ಗಂಟಲನ್ನೂ ಕೊಯ್ದಿದ್ದರು ಟೀಚರೇ. ರಾತ್ರಿ ಕುತ್ತಿಗೆಗೆ ಮುಟ್ಟಿಸಿ ಮಲಗಿ' ಎಂದರು.

ಆ ಚೂರು ಏನೆಂದು ಅವರು ವಿವರಿಸಿದ ಮೇಲೆ, ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹಿಂಜರಿಕೆಯಾಯಿತು. ಸಂತರ ಪವಿತ್ರ ಅವಶೇಷಗಳಲ್ಲಿ ಮೂರು ದರ್ಜೆಗಳಂತೆ. ಅವರ ದೇಹದ್ದೇ ಭಾಗ, ಎಂದರೆ ಎಲುಬು, ಕೂದಲು, ರಕ್ತ ಒಂದನೆಯ ದರ್ಜೆ. ಅವರು ಉಟ್ಟ ಬಟ್ಟೆ, ಬಳಸಿದ ಸಾಮಾನು ಎರಡನೆಯದು. ಅಂಥ ಅವಶೇಷಕ್ಕೆ ಮುಟ್ಟಿಸಿ ತೆಗೆದ ಬಟ್ಟೆ ಮೂರನೆಯದು. ನನ್ನ ಕೈಲಿದ್ದದ್ದು ಮೂರನೆಯ ದರ್ಜೆಯದು. ಇವನ್ನು ಕೊಡಬಹುದು, ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. ಮಾರಾಟವನ್ನು ಚರ್ಚಿನ ಕಾನೂನೇ ನಿಷೇಧಿಸಿದೆ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಸತ್ತವರದ್ದೆಲ್ಲ ಮೈಲಿಗೆ. ನಮ್ಮಮ್ಮ ತೀರಿಕೊಂಡದ್ದು ಅದಕ್ಕೆ ಎರಡು ವರ್ಷ ಹಿಂದೆ. ಅಸ್ಥಿಯನ್ನು ಕೂಡಲಿಗೆ ಒಯ್ದೆವು. ಶಿವಮೊಗ್ಗೆಯಿಂದ ಬರುವ ತುಂಗೆಯೂ ಭದ್ರಾವತಿಯಿಂದ ಬರುವ ಭದ್ರೆಯೂ ಅಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಅಣ್ಣ ಮಡಕೆ ಬಗ್ಗಿಸಿದ. ಬೂದಿ ಸ್ವಲ್ಪ ಹೊತ್ತು ನೀರ ಮೇಲೆ ನಿಂತಂತೆ ಮಾಡಿ ಹೊರಟುಹೋಯಿತು. ತಿರುಗಿ ನೋಡಬಾರದು ಎಂದರು, ನೋಡದೆ ಬಂದೆವು. ಹೋದವರನ್ನು ಪೂರ್ತಿ ಹೋಗಲು ಬಿಡಬೇಕು ಎಂಬುದು ನಮ್ಮ ಶಾಸ್ತ್ರ. ಇಲ್ಲಿ ನೋಡಿದರೆ ಹೋದವರ ಎಲುಬಿಗೆ ಮುಟ್ಟಿಸಿದ ಬಟ್ಟೆಯನ್ನು ಹಸಿಗಾಯದ ಕುತ್ತಿಗೆಗೆ ಒತ್ತಿಕೊಳ್ಳಬೇಕಂತೆ!

ಆದರೆ ಸಮಾಜ ವಿಜ್ಞಾನದ ಟೀಚರಿಗೆ ಸುಮ್ಮನೆ ಕೂತರೆ ಪಾಠಗಳು ನೆನಪಾಗುತ್ತವೆ. ಬುದ್ಧನ ಅಸ್ಥಿಯನ್ನು ಎಂಟು ಪಾಲು ಮಾಡಿ ಎಂಟು ಕಡೆ ಸ್ತೂಪ ಕಟ್ಟಿದರೆಂಬ ಕಥೆಯನ್ನು ವರ್ಷ ವರ್ಷವೂ ನಾನೇ ಹೇಳುತ್ತೇನೆ. ಮಂತ್ರಾಲಯಕ್ಕೆ ಹೋಗಿ ಬೃಂದಾವನಕ್ಕೆ ಸುತ್ತು ಬರುತ್ತೇವೆ. ಮಠಗಳಲ್ಲಿ ಗದ್ದುಗೆಗೆ ನಮಸ್ಕರಿಸುತ್ತೇವೆ, ಪಾದುಕೆಗೆ ಹೂವೇರಿಸುತ್ತೇವೆ. ಅಲ್ಲಿ ಯಾರೂ ಮೈಲಿಗೆ ಎನ್ನುವುದಿಲ್ಲ. ಮತ್ತೊಂದನ್ನು ಹೇಳಲು ಸಂಕೋಚ. ಅಮ್ಮನ ಮರದ ಬಾಚಣಿಗೆಯನ್ನು ನಾನು ಯಾರಿಗೂ ತಿಳಿಸದೆ ಟ್ರಂಕಿನಲ್ಲಿಟ್ಟಿದ್ದೆ. ಅದರ ಹಲ್ಲುಗಳಲ್ಲಿ ಐದಾರು ನರೆಗೂದಲು ಹಾಗೇ ಇದ್ದವು. ಅದನ್ನು ಸ್ಲೇಟಿನಲ್ಲಿ ಬರೆದು ತೋರಿಸಿದಾಗ ಬಾಯಮ್ಮ ಜೋರಾಗಿ ನಕ್ಕರು. 'ಮತ್ತೆ! ನಿಮ್ಮದು ಒಂದನೇ ದರ್ಜೆ, ನನ್ನದು ಮೂರನೇದು!'

'ಇದಕ್ಕೆ ಪೂಜೆ ಮಾಡುತ್ತೀರಾ?' ಎಂದು ಬರೆದೆ. 'ಛೆ, ಪೂಜೆ ದೇವರಿಗೆ ಮಾತ್ರ. ಇದು ಶಿಫಾರಸು ಟೀಚರೇ. ನಿಮಗೆ ಟ್ರಾನ್ಸ್‌ಫರ್ ಬೇಕಾದರೆ ಸೀದಾ ಮಂತ್ರಿಯ ಹತ್ತಿರ ಹೋಗುತ್ತೀರಾ? ಗುರ್ತದವರೊಬ್ಬರು ಬೇಕಲ್ಲ?' ಎಂದರು. ಸರ್ಕಾರಿ ನೌಕರಳಿಗೆ ಇದಕ್ಕಿಂತ ಚೆನ್ನಾಗಿ ಯಾವ ಧರ್ಮಗುರುವೂ ತಿಳಿಹೇಳಲಾರ.

2004ರ ಕೊನೆಯಲ್ಲಿ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಶರೀರದರ್ಶನ ನಡೆದಾಗ ಬಾಯಮ್ಮ ಬಸ್ಸಿನಲ್ಲಿ ಹೋಗಿ ಸಾಲಿನಲ್ಲಿ ನಿಂತು ಬಂದಿದ್ದರಂತೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ದರ್ಶನವದು. ಮೊನ್ನೆ 2024ರ ನವೆಂಬರಿನಿಂದ 2025ರ ಜನವರಿಯವರೆಗೂ ನಡೆಯಿತು. ಹಿಂದೊಮ್ಮೆ ಪೋರ್ಚುಗೀಸ್ ಹೆಂಗಸೊಬ್ಬಳು ಕಾಲಿಗೆ ಮುತ್ತಿಡುವ ನೆಪದಲ್ಲಿ ಬೆರಳನ್ನೇ ಕಚ್ಚಿಕೊಂಡು ಹೋದಳೆಂದು ಕಥೆಯಿದೆ. ಬಲಗೈಯ ಒಂದು ಭಾಗ ರೋಮಿನಲ್ಲಿದೆ. 'ಭಕ್ತಿ ಹೆಚ್ಚಾದರೆ ಹಲ್ಲು ಬರುತ್ತದೆ' ಎಂದರು ಬಾಯಮ್ಮ.

ಹೀಗೆ ಮಳೆಗಾಲವೆಲ್ಲ ಅವರು ಮೂರು ಗಂಟೆಗೆ ಬಂದರು. ನಾನು ಗಂಜಿ ಕುಡಿಯುವುದು, ಅವರು ಪುಟ್ಟ ಅರಬಿಯ ಕಥೆ ಹೇಳುವುದು. ಕನ್ನಡ ಲಿಪಿಯ ಕೊಂಕಣಿ ಪುಸ್ತಕವೊಂದು ಅವರಲ್ಲಿತ್ತು. ಒಂದು ಪುಟ ತಮ್ಮಷ್ಟಕ್ಕೆ ಓದಿಕೊಂಡು ಕನ್ನಡದಲ್ಲಿ ಹೇಳುವರು. ಹುಟ್ಟಿದಾರಭ್ಯ ಮಾತಾಡಿಯೇ ಬದುಕಿದವಳು ನಾನು. ಇನ್ನೊಬ್ಬರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲಿರಬೇಕು.

ಹುಡುಗಿಯ ಹೆಸರು ಮರಿಯಂ ಬವಾರ್ದಿ. ಪ್ಯಾಲೆಸ್ಟೀನಿನ ಗಲಿಲೇಯ ಸೀಮೆಯ ಇಬಿಲ್ಲಿನ್ ಎಂಬ ಹಳ್ಳಿಯವಳು. ಅವಳಿಗಿಂತ ಮೊದಲು ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ತೀರಿಕೊಂಡಿದ್ದವು. ತಾಯಿ ತಂದೆ ಬೆತ್ಲೆಹೇಮಿನವರೆಗೆ ಹರಕೆಯ ಯಾತ್ರೆ ಹೋಗಿ ಬಂದರು. 1846ರ ಜನವರಿ 5ರಂದು ಇವಳು ಹುಟ್ಟಿದಳು. ಮೂರು ತುಂಬುವುದರೊಳಗೆ ಇಬ್ಬರೂ ಹೋದರು. ಚಿಕ್ಕಪ್ಪನ ಮನೆಯಲ್ಲಿ ಬೆಳೆದು ಅವರೊಂದಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಬಂದಳು. ಹದಿಮೂರರ ಹೊತ್ತಿಗೆ ಮದುವೆ ಗೊತ್ತಾಯಿತು. ಅವಳು ಜಡೆ ಕತ್ತರಿಸಿಕೊಂಡು, ಮದುವೆ ಬೇಡವೆಂದಳು. ಚಿಕ್ಕಪ್ಪ ಅವಳನ್ನು ಅಡುಗೆಮನೆಯ ಆಳುಗಳ ಜೊತೆ ದುಡಿಯಲು ಹಾಕಿದ.

ನನಗೆ ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಹುಡುಗಿ ನೆನಪಾದಳು. ಮದುವೆಯ ಮನೆಯನ್ನು ದಾಟಿ ಹೊರಟ ಅಕ್ಕ. ಸ್ಲೇಟಿನಲ್ಲಿ 'ಅಕ್ಕಮಹಾದೇವಿ' ಎಂದು ಬರೆದೆ. ಬಾಯಮ್ಮ ತಲೆಯಾಡಿಸಿದರು. 'ಎಲ್ಲಾ ಊರಿನಲ್ಲೂ ಒಬ್ಬಳು ಇರುತ್ತಾಳೆ.' ಅಕ್ಕನ ಮೈಯದ್ದೂ ಬಟ್ಟೆಯದ್ದೂ ಒಂದು ಎಳೆಯೂ ಉಳಿದಿಲ್ಲ. ಮಾತು ಮಾತ್ರ ಉಳಿಯಿತು. ಈ ಹುಡುಗಿಗೆ ಓದು ಬರಹ ಬರುತ್ತಿರಲಿಲ್ಲ.

1858ರಲ್ಲಿ ಒಂದು ರಾತ್ರಿ ಅವಳು ಊರಿನಲ್ಲಿದ್ದ ತಮ್ಮನಿಗೆ ಸುದ್ದಿ ಕಳಿಸಲು ಪರಿಚಯದ ಒಬ್ಬ ಆಳಿನ ಮನೆಗೆ ಹೋದಳು. ಧರ್ಮದ ಮಾತು ಬೆಳೆಯಿತು. ನಿನ್ನ ಧರ್ಮ ಬಿಡು ಎಂದ, ಒಲ್ಲೆ ಎಂದಳು. ಸಿಟ್ಟಿನಲ್ಲಿ ಅವನು ಕತ್ತಿಯಿಂದ ಅವಳ ಗಂಟಲು ಕೊಯ್ದು ಬೀದಿಯಲ್ಲಿ ಎಸೆದ. ಕಣ್ಣು ಬಿಟ್ಟಾಗ ಒಂದು ಗುಹೆಯಲ್ಲಿದ್ದಳು. ನೀಲಿ ಬಟ್ಟೆಯುಟ್ಟ ಒಬ್ಬ ಹೆಂಗಸು ಗಾಯ ಹೊಲಿದು, ಸೂಪು ಮಾಡಿ ಕುಡಿಸಿ, ವಾಸಿಯಾದ ಮೇಲೆ ಚರ್ಚಿನ ಬಾಗಿಲಿಗೆ ಬಿಟ್ಟು ಕಾಣದಾದಳು. ಹೀಗೆಂದು ಅವಳೇ ಮುಂದೆ ಹೇಳಿದ್ದು. ಕುತ್ತಿಗೆಯ ಗಾಯದ ಕಲೆ ಕೊನೆಯವರೆಗೂ ಇತ್ತು.

'ಕೊಯ್ದ ಗಂಟಲು ಸೂಪಿನಿಂದ ಕೂಡುತ್ತದೆಯೇ?' ಎಂದು ಬರೆದೆ. ಬಾಯಮ್ಮ ನನ್ನ ಕೈಲಿದ್ದ ಗಂಜಿ ಲೋಟವನ್ನು ನೋಡಿದರು. 'ಕುಡಿಯಿರಿ, ಆರುತ್ತದೆ' ಎಂದರು ಅಷ್ಟೆ.

ಮುಂದೆ ಅವಳು ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್, ಹೀಗೆ ಮನೆಮನೆಯಲ್ಲಿ ಪಾತ್ರೆ ತೊಳೆದಳು, ಅಡುಗೆ ಮಾಡಿದಳು. 1867ರಲ್ಲಿ ಪೋ ಎಂಬ ಊರಿನ ಕಾರ್ಮೆಲ್ ಮಠ ಸೇರಿದಳು. ಅವಳನ್ನು ಅಲ್ಲಿಗೆ ಕರೆತಂದವರು ಮದರ್ ವೆರೋನಿಕಾ ಎಂಬ ಇಂಗ್ಲಿಷ್ ಮನೆತನದ ಹೆಂಗಸು. ಅವರು ಕಟ್ಟಿದ ಅಪೊಸ್ತಲಿಕ್ ಕಾರ್ಮೆಲ್ ಸಂಘದ ಸಿಸ್ಟರುಗಳೇ 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು, 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನೂ ಶುರು ಮಾಡಿದವರು. ಬಾಯಮ್ಮ ನಾಲ್ಕಕ್ಷರ ಕಲಿತದ್ದೂ ಅಂಥ ಸಿಸ್ಟರುಗಳ ಕೈಯಲ್ಲಿ.

ಅದೇ 1870ರಲ್ಲಿ, ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಇರುವ ಕಾರ್ಮೆಲ್ ಸಿಸ್ಟರುಗಳ ಮಠವನ್ನು ಮಂಗಳೂರಿನಲ್ಲಿ ಸ್ಥಾಪಿಸಲು ಹೊರಟ ತಂಡದಲ್ಲಿ ಮರಿಯಂ ಇದ್ದಳು. ಆ ಹಡಗಿನ ಪ್ರಯಾಣ ಎಂಥದೆಂದರೆ ಸಿಸ್ಟರುಗಳಲ್ಲಿ ಮೂವರು ದಡ ಸೇರುವ ಮೊದಲೇ ತೀರಿಕೊಂಡರು. ಉಳಿದವರು ನಮ್ಮ ಕರಾವಳಿಯ ಮಳೆಗೂ ಸೆಕೆಗೂ ಬಂದಿಳಿದರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಅವಳು ಕೊನೆಯ ವ್ರತವಚನ ಕೊಟ್ಟಳು. ಇಲ್ಲಿಯೂ ಅವಳ ಪಾಲಿಗೆ ಬಂದದ್ದು ಅಡುಗೆಮನೆಯೇ. ಆದರೆ ಅವಳಿಗೆ ಆಗಾಗ ಮೈಮರೆವು, ದರ್ಶನ, ಕೈಕಾಲುಗಳಲ್ಲಿ ಗಾಯದ ಗುರುತು. ಇವೆಲ್ಲ ದೇವರದೋ, ಭ್ರಮೆಯೋ ಎಂದು ಮೇಲಿನವರಿಗೆ ಅನುಮಾನ ಹುಟ್ಟಿತು. 1872ರಲ್ಲಿ ಅವಳನ್ನು ಫ್ರಾನ್ಸಿಗೆ ಮರಳಿ ಕಳಿಸಿದರು.

'ಯಾರು ನಂಬಲಿಲ್ಲ?' ಎಂದು ಬರೆದೆ.

'ನಮ್ಮವರೇ. ಮಠದವರು, ಬಿಷಪ್ಪರು.' ಸ್ವಲ್ಪ ಹೊತ್ತು ಮಳೆಯನ್ನು ನೋಡಿದರು. 'ಜವಾಬ್ದಾರಿ ಇದ್ದವರಿಗೆ ನಂಬುವುದು ಸುಲಭ ಅಲ್ಲ ಟೀಚರೇ.'

ಅವಳು ಅಲ್ಲಿಂದ 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಮಠ ಕಟ್ಟಿಸಿದಳು. ಅರಬ್ಬಿ ಬಲ್ಲವಳೆಂದು ಕೂಲಿಕಾರರ ಮೇಲ್ವಿಚಾರಣೆ ಅವಳದೇ. 1878ರ ಆಗಸ್ಟಿನ ಬಿಸಿಲಲ್ಲಿ ಕೆಲಸಗಾರರಿಗೆ ನೀರು ಒಯ್ಯುವಾಗ ಬಿದ್ದು ಕೈ ಮುರಿಯಿತು. ಗಾಯ ಕೊಳೆಯಿತು. 26ರಂದು ತೀರಿಕೊಂಡಳು. ಆಗ ಅವಳಿಗೆ 32 ವರ್ಷ. ನೂರೈದು ವರ್ಷದ ಮೇಲೆ, 1983ರ ನವೆಂಬರ್ 13ರಂದು, ಪೋಪ್ ಎರಡನೆಯ ಜಾನ್ ಪೌಲ್ ಅವಳನ್ನು 'ಪುನೀತೆ' ಎಂದು ಸಾರಿದರು. ಆ ಪೋಪರು 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಾಗ ಬಾಯಮ್ಮ ಭದ್ರಾವತಿಯಿಂದ ಹೋಗಿ ಬಜಪೆಯ ಬಯಲಲ್ಲಿ ದೂರದಿಂದ ಬಿಳಿ ಚುಕ್ಕೆಯೊಂದನ್ನು ಕಂಡು ಬಂದಿದ್ದರು.

'ಪುನೀತೆಗೂ ಸಂತಳಿಗೂ ಏನು ವ್ಯತ್ಯಾಸ?' ಎಂದು ಕೇಳಿದೆ. ಪುನೀತರಿಗೆ ಗೌರವ ಸಲ್ಲುವುದು ಅವರ ಊರು, ಅವರ ಸಂಘಗಳ ಮಟ್ಟದಲ್ಲಿ. ಸಂತರಾದರೆ ಇಡೀ ಲೋಕಕ್ಕೆ. 'ನಿಮ್ಮ ಪ್ರತಿಭಾ ಕಾರಂಜಿ ಹಾಗೆ. ಈಗ ಜಿಲ್ಲಾ ಮಟ್ಟ ಆಗಿದೆ, ರಾಜ್ಯ ಮಟ್ಟ ಬಾಕಿ' ಎಂದರು. ಅದಕ್ಕೆ ಇನ್ನೊಂದು ಪವಾಡ ರುಜುವಾಗಬೇಕಿತ್ತು.

ರಾತ್ರಿ ಆ ಚೀಟಿಯನ್ನು ಕುತ್ತಿಗೆಗೆ ಮುಟ್ಟಿಸಿಕೊಂಡೆನೇ? ಮುಟ್ಟಿಸಿಕೊಂಡೆ. ನಂಬಿಕೆಯಿಂದಲ್ಲ, ಭಯದಿಂದ. ಮಲಗಿದಾಗ ಮನೆಯವರ ಉಸಿರಾಟ ಕೇಳುತ್ತಾ, ಇನ್ನು ಇಪ್ಪತ್ತು ವರ್ಷ ಸರ್ವಿಸು ಹೇಗೆ ಕಳೆಯುವುದು, ಗುಮಾಸ್ತೆಯ ಕೆಲಸಕ್ಕೆ ಹಾಕುತ್ತಾರೋ ಏನೋ ಎಂದು ಅಳು ಬಂದರೆ ಆ ಅಳುವಿಗೂ ದನಿಯಿರಲಿಲ್ಲ. ಅಂಥ ಹೊತ್ತಿನಲ್ಲಿ ದಿಂಬಿನ ಕೆಳಗೆ ಕೈ ಹಾಕಿದರೆ ಕುಂಕುಮದ ಪೊಟ್ಟಣವೂ ಸಿಗುತ್ತಿತ್ತು, ಈ ಚೀಟಿಯೂ ಸಿಗುತ್ತಿತ್ತು. ಕೈಗೆ ಯಾವುದು ಬಂತೋ ಅದು. ಹಗಲು ಮಾತ್ರ ಡಾಕ್ಟರು ಹೇಳಿಕೊಟ್ಟ ದನಿಯ ವ್ಯಾಯಾಮವನ್ನು ತಪ್ಪದೆ ಮಾಡುತ್ತಿದ್ದೆ.

ಆಗಸ್ಟಿನಲ್ಲಿ ಪಿಸುಮಾತು ಬಂತು. ಶಾಲೆಗೆ ಹೋದೆ. ಒಂದು ವಿಚಿತ್ರ ನಡೆಯಿತು. ನಾನು ಪಿಸುಗುಟ್ಟಿದರೆ ಮಕ್ಕಳೂ ಪಿಸುಗುಟ್ಟುತ್ತಿದ್ದರು. ಅರುವತ್ತು ಮಕ್ಕಳ ತರಗತಿ ದೇವಸ್ಥಾನದ ಹಾಗಿರುತ್ತಿತ್ತು. ಗಣೇಶನ ಹಬ್ಬದ ಹೊತ್ತಿಗೆ ಗೊಗ್ಗರು ದನಿಯೊಂದು ಹೊರಟಿತು. ದಸರಾ ರಜೆ ಮುಗಿಯುವಾಗ ಅದೇ ಗಟ್ಟಿಯಾಯಿತು. ಹಳೆಯ ದನಿ ಬರಲೇ ಇಲ್ಲ. ಬಂದದ್ದು ಈಗ ನೀವು ಫೋನಿನಲ್ಲಿ ಕೇಳುವ ಈ 'ಸಾರ್' ದನಿ.

ನಮ್ಮ ಬೀದಿಯಲ್ಲಿ ಬಾಯಮ್ಮ ಇದನ್ನು ಸಾರಿದ್ದೇ ಸಾರಿದ್ದು. 'ನಮ್ಮ ಪುಟ್ಟ ಅರಬಿ ಟೀಚರ ಗಂಟಲು ಕೊಟ್ಟಳು!' ನಾನು ನಕ್ಕು ಸುಮ್ಮನಿದ್ದೆ. ಅದೇ ತಪ್ಪಾಯಿತು. ಆ ಅಕ್ಟೋಬರ್ 12ರಂದು ಕೇರಳದ ಸಿಸ್ಟರ್ ಅಲ್ಫೋನ್ಸಾ ಭಾರತದ ಮೊದಲ ಸಂತ ಮಹಿಳೆಯಾದ ಸುದ್ದಿ ಟೀವಿಯಲ್ಲೂ ಪತ್ರಿಕೆಯಲ್ಲೂ ಬಂತು. ಬಾಯಮ್ಮನಿಗೆ ಸಂತೋಷವೂ ಆಯಿತು, ಒಳಗೊಂದು ಹೊಟ್ಟೆಕಿಚ್ಚೂ ಆಯಿತು. ಅಲ್ಫೋನ್ಸಾ ಪುನೀತೆಯಾದದ್ದು 1986ರಲ್ಲಿ. ನಮ್ಮವಳು ಅದಕ್ಕಿಂತ ಮೂರು ವರ್ಷ ಸೀನಿಯರ್! ಮಾರನೆಯ ಸಂಜೆಯೇ ಗೆರೆ ಹಾಕಿದ ನಾಲ್ಕು ಹಾಳೆ, ಪೆನ್ನು ಹಿಡಿದು ಬಂದರು.

'ನೀವು ಬರೆದು ಸಹಿ ಹಾಕಿ ಟೀಚರೇ. ಅವಳ ಬಟ್ಟೆ ಮುಟ್ಟಿಸಿದೆ, ಹೋದ ದನಿ ಬಂತು ಅಂತ. ಮಂಗಳೂರಿನ ಮಠಕ್ಕೆ ಕಳಿಸುವ. ನೀವು ಹಿಂದುಗಳು, ಕಲಿತವರು. ನಿಮ್ಮ ಮಾತಿಗೆ ತೂಕ ಉಂಟು.'

ನಾನು ಹಾಳೆ ನೋಡಿದೆ, ಅವರ ಮುಖ ನೋಡಿದೆ. ಎರಡೂವರೆ ತಿಂಗಳ ಗಂಜಿಯ ಋಣ ಎದುರಿಗೆ ನಿಂತಿತ್ತು. ಒಂದು ಸಹಿ, ಅಷ್ಟೆ. ಆದರೆ ಡಾಕ್ಟರು ಮೊದಲೇ ಹೇಳಿದ್ದರಲ್ಲ, ಆರು ತಿಂಗಳಲ್ಲಿ ಬಹಳ ಜನಕ್ಕೆ ಬರುತ್ತದೆ ಎಂದು? ದಿನಕ್ಕೆ ಮೂರು ಬಾರಿ ಮಾಡಿದ ವ್ಯಾಯಾಮ? ನಕಲು ಹೊಡೆದ ಮಕ್ಕಳಿಗೆ ಬುದ್ಧಿ ಹೇಳುವ ನಾನು, ಅರ್ಧ ಸತ್ಯಕ್ಕೆ ಸಹಿ ಹಾಕಿ ರೋಮಿನವರೆಗೂ ಕಳಿಸುವುದೇ?

'ಬಾಯಮ್ಮಾ, ನನಗೆ ಹಾಗೆ ಬರೆಯಲು ಬರುವುದಿಲ್ಲ. ಗುಣವಾದದ್ದು ಔಷಧದಿಂದ. ನಿಮ್ಮ ಉಪಕಾರ ಮರೆಯುವುದಿಲ್ಲ' ಎಂದೆ.

'ಹಾಗಾದರೆ ನಾನು ಬೀದಿಯಲ್ಲಿ ಹೇಳಿದ್ದು ಸುಳ್ಳಾ?'

ಅಲ್ಲಿಗೆ ಸುಮ್ಮನಾಗಬೇಕಿತ್ತು. ಹೊಸದಾಗಿ ಬಂದ ದನಿ, ತಡೆಯಲಿಲ್ಲ. 'ಅವಳನ್ನು ಕಣ್ಣಾರೆ ಕಂಡ ನಿಮ್ಮವರೇ ನಂಬಲಿಲ್ಲ, ಹಡಗು ಹತ್ತಿಸಿ ಕಳಿಸಿದರು. ನಾನು ನಂಬಲೇಬೇಕಾ?' ಎಂದುಬಿಟ್ಟೆ.

ಬಾಯಮ್ಮ ಹಾಳೆಗಳನ್ನು ಒಂದರ ಮೇಲೊಂದು ನೇರ ಮಾಡಿಕೊಂಡು ಎದ್ದು ಹೋದರು. ಪೆನ್ನು ನಮ್ಮ ಮೇಜಿನ ಮೇಲೇ ಉಳಿಯಿತು.

ಎರಡು ತಿಂಗಳು ಕಾಂಪೌಂಡಿನ ಮೇಲೆ ಕರಿಬೇವೂ ಬರಲಿಲ್ಲ, ನುಗ್ಗೆಯೂ ಹೋಗಲಿಲ್ಲ. ಚೀಟಿಯನ್ನು ಹಿಂದಿರುಗಿಸೋಣವೆಂದು ಎರಡು ಸಲ ಅವರ ಗೇಟಿನವರೆಗೆ ಹೋಗಿ ಬಂದೆ. ಗಂಟಲಿಲ್ಲದಾಗ ಕಟ್ಟಿದ ಸ್ನೇಹವನ್ನು ಗಂಟಲು ಬಂದ ಕೂಡಲೇ ಕೆಡಿಸಿಕೊಂಡೆನಲ್ಲ ಎಂದು ಬಸ್ಸಿನಲ್ಲಿ ಕೂತಾಗಲೆಲ್ಲ ಹಳಹಳಿಸುತ್ತಿದ್ದೆ.

ಕ್ರಿಸ್ಮಸ್ಸಿನ ಮಾರನೆಯ ದಿನ ಬೆಳಿಗ್ಗೆ ಗೇಟು ಸದ್ದಾಯಿತು. ಬಾಯಮ್ಮ. ಕೈಯಲ್ಲಿ ತಟ್ಟೆ, ತಟ್ಟೆ ತುಂಬಾ ಕುಸ್ವಾರ್. ನೆವ್ರಿ, ಕಿಡ್ಯೊ, ಗುಳಿಯೊ, ಒಂದು ತುಂಡು ಕೇಕು. ತಟ್ಟೆಯನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೇಳಿದರು. 'ಬಿ.ಎಚ್. ರಸ್ತೆಯ ನಮ್ಮ ಇಗರ್ಜಿಯಲ್ಲಿ ಫಾದರನ್ನು ಕೇಳಿದೆ. ಆಪರೇಶನ್ ಆಗಿ, ವ್ಯಾಯಾಮ ಮಾಡಿ ಬಂದದ್ದನ್ನು ರೋಮಿನವರು ತೆಗೆದುಕೊಳ್ಳುವುದೇ ಇಲ್ಲವಂತೆ. ಅಲ್ಲಿ ಡಾಕ್ಟರುಗಳದ್ದೇ ಒಂದು ಪಂಚಾಯಿತಿ ಉಂಟಂತೆ. ಒಮ್ಮೆಲೇ ಗುಣ ಆಗಬೇಕು, ಪೂರ್ತಿ ಆಗಬೇಕು, ತಿರುಗಿ ಬರಬಾರದು, ಔಷಧದ ಲೆಕ್ಕಕ್ಕೆ ಸಿಗಬಾರದು. ನಿಮ್ಮ ದನಿ ಅರ್ಧ ಬಂದದ್ದಲ್ಲವಾ, ಅದು ಪಾಸಾಗುವುದಿಲ್ಲ.' ಆಮೇಲೆ ಕೆಳದನಿಯಲ್ಲಿ, 'ಫಾದರು ಹೇಳಿದರು, ಆ ಟೀಚರು ಸಹಿ ಹಾಕದ್ದು ಒಳ್ಳೆಯದಾಯಿತು ಅಂತ.'

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅನುಮಾನ ನನ್ನೊಬ್ಬಳದೇ ಸ್ವತ್ತು ಎಂದು ಬೀಗಿದ್ದೆ. ಪವಾಡ ಬೇಕೆನ್ನುವವರೇ ಅದನ್ನು ಒಪ್ಪಲು ಇಷ್ಟೊಂದು ಬೀಗ ಹಾಕಿಟ್ಟುಕೊಂಡಿದ್ದರು. 'ಅವತ್ತು ನಾನು ಆ ಮಾತು ಆಡಬಾರದಿತ್ತು' ಎಂದೆ. 'ಆಡಿದ್ದು ಸುಳ್ಳಲ್ಲವಲ್ಲ. ಕಳಿಸಿದ್ದು ಹೌದು. ಈಗ ಇಟ್ಟುಕೊಂಡು ಮುತ್ತಿಡುವವರೂ ನಾವೇ ಹೌದು' ಎಂದರು. ನೆವ್ರಿ ಮುರಿದು ನನ್ನ ಕೈಲಿಟ್ಟರು.

2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಮರಿಯಂ ಬವಾರ್ದಿಯನ್ನು ಸಂತಳೆಂದು ಘೋಷಿಸಿದರು. ಅವಳ ಜೊತೆಗೆ ಪ್ಯಾಲೆಸ್ಟೀನಿನ ಇನ್ನೊಬ್ಬ ಸಿಸ್ಟರ್ ಮರಿ ಅಲ್ಫೋನ್ಸಿನ್ ಘಟ್ಟಾಸ್, ಮತ್ತೆ ಫ್ರಾನ್ಸಿನ ಒಬ್ಬರು, ಇಟಲಿಯ ಒಬ್ಬರು. ಪ್ಯಾಲೆಸ್ಟೀನಿನ ಅಧ್ಯಕ್ಷರೂ ಬಂದು ಕೂತಿದ್ದರು. ರುಜುವಾದ ಪವಾಡ ಇಟಲಿಯ ಸಿಸಿಲಿಯಲ್ಲಿ ಹೃದಯದ ದೋಷದೊಂದಿಗೆ ಹುಟ್ಟಿದ ಒಂದು ಎಳೆಗೂಸಿನದು. ಭಾನುವಾರವಾಗಿತ್ತು. ಬಾಯಮ್ಮನ ಮನೆಯ ಟೀವಿಯ ಮುಂದೆ ನಾನೂ ಕೂತಿದ್ದೆ. ಚರ್ಚಿನ ಮುಂಭಾಗದಲ್ಲಿ ಅವಳ ದೊಡ್ಡ ಪಟ ತೂಗುತ್ತಿತ್ತು. ಬಾಯಮ್ಮನಿಗೆ ಆಗಲೇ ಕಣ್ಣು ಮಂಜು. ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಮೇಲೆ ತಿರುಗಿ ನನ್ನನ್ನು ನೋಡಿ, 'ನಿಮ್ಮ ಕಾಗದ ಇಲ್ಲದೆಯೂ ಆಯಿತಲ್ಲ ಟೀಚರೇ!' ಎಂದು ಹಲ್ಲಿಲ್ಲದ ಬಾಯಿ ತುಂಬಾ ನಕ್ಕರು.

ಮೂರು ವರ್ಷದ ಮೇಲೆ, ಇಂಥದೇ ಒಂದು ಮಳೆಗಾಲದಲ್ಲಿ ಬಾಯಮ್ಮ ಹೋದರು. ಪೆಟ್ಟಿಗೆಯಲ್ಲಿ ಮಲಗಿಸಿ ಕೈಗೆ ಜಪಸರ ಸುತ್ತಿದ್ದರು. ಆ ಚೀಟಿಯನ್ನು ಅವರ ಜೊತೆಗೇ ಇಟ್ಟುಬಿಡೋಣವೆಂದು ಒಯ್ದಿದ್ದೆ. ಅವರ ಮಗಳು ಅದನ್ನು ನನ್ನ ಕೈಲೇ ಮಡಿಸಿಟ್ಟು, 'ಅಮ್ಮ ನಿಮಗೆ ಕೊಟ್ಟದ್ದು ಆಂಟಿ, ನಿಮ್ಮ ಹತ್ತಿರವೇ ಇರಲಿ' ಎಂದಳು. ಅಪ್ಪನ ಕಾರ್ಖಾನೆಯ ಬಿಲ್ಲೆಯನ್ನು ಅವಳು ತನ್ನ ಕೈಚೀಲದಲ್ಲಿ ಹಾಕಿಕೊಂಡಳು. ಮನೆ ಮಾರಿದರು. ಈಗ ಅಲ್ಲಿ ಬೇರೆಯವರಿದ್ದಾರೆ. ಕಾಂಪೌಂಡು ಎತ್ತರಿಸಿದ್ದಾರೆ.

ನನ್ನ ಸರ್ವಿಸು ಮುಗಿಯಲು ಇನ್ನು ಕೆಲವೇ ವರ್ಷ. ಈಚೆಗೆ ಮಗಳು ಬಂದವಳು ಟ್ರಂಕು ತೆಗೆದು, 'ಇದೇನಮ್ಮ, ಇದನ್ನೆಲ್ಲ ಇಟ್ಕೊಂಡಿದೀಯ?' ಎಂದಳು. ಒಂದು ಕೈಯಲ್ಲಿ ಅಜ್ಜಿಯ ಬಾಚಣಿಗೆ, ಇನ್ನೊಂದು ಕೈಯಲ್ಲಿ ಅಂಚು ಸವೆದ ಆ ಚೀಟಿ. 'ಇದರಿಂದಲೇ ನಿನ್ನ ವಾಯ್ಸ್ ಬಂದಿದ್ದು ಅಂತ ಬಾಯಮ್ಮಜ್ಜಿ ಹೇಳ್ತಿದ್ರಲ್ಲ, ಹೌದಾ?' 'ಅಲ್ಲ' ಎಂದೆ. 'ಮತ್ತೆ ಯಾಕಿಟ್ಟಿದೀಯ?' ನನ್ನ ಗೊಗ್ಗರು ದನಿ ಇನ್ನಷ್ಟು ಕಟ್ಟಿಕೊಂಡಿತು. ಉತ್ತರ ಹೇಳಲಾಗಲಿಲ್ಲ.

ಹೇಳಲಾಗದ್ದನ್ನು ಸ್ಲೇಟಿನಲ್ಲಿ ಬರೆಯುವುದು ನನಗೆ ರೂಢಿ. ಬಾಯಮ್ಮ ಅಂದು ತಂದಿದ್ದ ಗೆರೆಹಾಳೆಗಳಲ್ಲಿ ಏನು ಬರೆಯಬಹುದಿತ್ತು ಎಂದು ಈಗ ಯೋಚಿಸುತ್ತೇನೆ. ಇಷ್ಟನ್ನು ಬರೆದು ನಿಸ್ಸಂಕೋಚವಾಗಿ ಸಹಿ ಹಾಕಬಹುದಿತ್ತು: 2008ರ ಮೇ ಕೊನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ, ವಿನೋಬನಗರದ ನಮ್ಮ ಬೀದಿಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಎಪ್ಪತ್ತು ವರ್ಷದ ಒಬ್ಬ ಹೆಂಗಸು ಕೊಡೆ ಹಿಡಿದು, ಉಪ್ಪು ಕಡಿಮೆ ಹಾಕಿದ ಗಂಜಿ ತೆಗೆದುಕೊಂಡು, ಒಂದು ದಿನವೂ ತಪ್ಪದೆ ಬಂದರು. ನಾನು ಮಾತಾಡಲಾರದವಳಾಗಿದ್ದೆ. ಗಂಜಿ ಬಿಸಿಯಾಗಿತ್ತು. ಇದಕ್ಕೆ ನಾನು ಸಾಕ್ಷಿ.